ಓಣಿಯ ಸಂಸಾರ

ಯಜಮಾನನಿಲ್ಲದ ನಾಯಿಯನ್ನು ನಾವು ಬೀದಿನಾಯಿ ಎನ್ನುತ್ತೇವೆ. ಯಜಮಾನನಿಲ್ಲದ ಬೆಕ್ಕು ಮಾತ್ರ ಕಳ್ಳಬೆಕ್ಕು. ಒಂದೇ ಬಗೆಯ ಬಡತನಕ್ಕೆ ನಮ್ಮ ಮಾತು ಎರಡು ಬಗೆಯ ತೀರ್ಪು ಕೊಟ್ಟಿದೆ. ನಾಯಿ ಬೀದಿಯ ಪ್ರಜೆಯಾಯಿತು. ಬೆಕ್ಕು ವಿಚಾರಣೆಯೇ ಇಲ್ಲದೆ ಅಪರಾಧಿಯಾಯಿತು. ಮುಚ್ಚದೆ ಬಿಟ್ಟ ಹಾಲಿನ ಪಾತ್ರೆಯೇ ಇದಕ್ಕೆ ಸಾಕ್ಷಿ. ಪಾತ್ರೆಯನ್ನು ಮುಚ್ಚದೆ ಹೋದವರ ಹೆಸರು ಯಾವ ದೋಷಾರೋಪಣೆಯಲ್ಲಿಯೂ ಕಾಣಿಸುವುದಿಲ್ಲ. ಇದರ ಮೇಲೆ, ಹೊರಟವರಿಗೆ ಅಡ್ಡ ಬಂದರೆ ಅಪಶಕುನವೆಂಬ ಇನ್ನೊಂದು ಆಪಾದನೆ ಬೇರೆ. ತನ್ನ ಪಾಡಿಗೆ ರಸ್ತೆ ದಾಟುತ್ತಿದ್ದ ಬೆಕ್ಕಿಗೆ ನಾವು ಅಡ್ಡ ಬಂದದ್ದು ಯಾವ ಶಕುನವೆಂದು ಕೇಳಿದವರನ್ನು ನಾನು ಕಂಡಿಲ್ಲ.

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಹಿತ್ತಿಲಗೋಡೆಗಳ ನಡುವೆ ಕಿರಿದಾದ ಓಣಿಯೊಂದಿರುತ್ತದೆ. ಜನ ಅದನ್ನು ಕನ್ಸರ್ವೆನ್ಸಿ ಎಂದೇ ಕರೆಯುತ್ತಾರೆ. ಮನುಷ್ಯರಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಒಡೆದ ಹೂಕುಂಡ, ಹಳೆಯ ಬಾಗಿಲು, ಬಳಸಿ ಉಳಿದ ಇಟ್ಟಿಗೆ, ಹೀಗೆ ಎಸೆಯಲು ಮನಸ್ಸಾಗದ ಸಾಮಾನುಗಳೆಲ್ಲ ಅಲ್ಲಿಗೆ ಬಂದು ಸೇರುತ್ತವೆ. ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಇವುಗಳ ಸಂದುಗೊಂದುಗಳನ್ನೇ ಮನೆ ಮಾಡಿಕೊಂಡು ಬೆಕ್ಕುಗಳ ಸಂಸಾರವೊಂದು ಬೆಳೆಯಿತು. ಕಳೆದ ವರ್ಷ ಯುಗಾದಿಯ ಹೊತ್ತಿಗೆ ಬೆಳೆದ ಬೆಕ್ಕುಗಳೇ ಏಳಿದ್ದವು. ಮರಿಗಳ ಲೆಕ್ಕ ದಿನಕ್ಕೊಂದು ಬಗೆ.

ಅವುಗಳಿಗೆ ಮೊದಲು ಅನ್ನವಿಟ್ಟವರು ನಮ್ಮ ತಾಯಿಯವರು. ರಾತ್ರಿ ಉಳಿದ ಮೊಸರನ್ನವನ್ನು ಬಾಳೆ ಎಲೆಯ ತುಂಡಿನಲ್ಲಿ ಹಿತ್ತಿಲ ಬಾಗಿಲ ಬಳಿ ಇಡುತ್ತಿದ್ದರು. ಹಸಿದ ಬೆಕ್ಕು ಮೊಸರನ್ನವನ್ನೂ ತಿನ್ನುತ್ತದೆ. ಆದರೆ ಅದು ಬದುಕುವುದು ಮಾಂಸದಿಂದ. ಟಾರಿನ್ ಎಂಬ ವಸ್ತು ಆಹಾರದಲ್ಲಿ ದೊರೆಯದಿದ್ದರೆ ಬೆಕ್ಕಿನ ಕಣ್ಣೂ ಹೃದಯವೂ ಕೆಡುತ್ತವೆ, ಅದು ಸಸ್ಯಾಹಾರದಲ್ಲಿ ಸಿಕ್ಕುವುದಿಲ್ಲ, ಎಂದು ಪಶುವೈದ್ಯರು ಹೇಳಿದಾಗ ನಮ್ಮ ಮನೆಯಲ್ಲಿ ಧರ್ಮಸಂಕಟವುಂಟಾಯಿತು. ಮೊಟ್ಟೆಯೂ ಹೊಸ್ತಿಲು ದಾಟದ ಮನೆ ನಮ್ಮದು. ಹಾಲೊಂದೇ ನಮಗೆ ಉಳಿದ ದಾರಿಯೆಂದುಕೊಂಡರೆ, ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಸುವಿನ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆಯಂತೆ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲನ್ನು ಕಂಡು ಓಡಿದ್ದು ಬಾಯಿ ಸುಟ್ಟುಕೊಂಡದ್ದರಿಂದ ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಸುಡದ ಹಾಲನ್ನೂ ಬಿಡುವುದಕ್ಕೆ ಬೆಕ್ಕಿಗೆ ಕಾರಣವುಂಟೆಂದು ನನಗೆ ತಿಳಿದದ್ದು ಆಗಲೇ.

ಅಮ್ಮ ಎರಡು ದಿನ ಯೋಚಿಸಿದರು. ಮೂರನೆಯ ದಿನ, "ಅದರ ಧರ್ಮ ಅದಕ್ಕೆ, ನಮ್ಮದು ನಮಗೆ. ಆದರೆ ಪೊಟ್ಟಣ ಅಡಿಗೆಮನೆಗೆ ಬರಕೂಡದು" ಎಂದು ತೀರ್ಮಾನ ಕೊಟ್ಟರು. ಅಂದಿನಿಂದ ಬೆಕ್ಕಿನ ಆಹಾರದ ಡಬ್ಬಿ ಹಿತ್ತಿಲ ನಲ್ಲಿಯ ಮೇಲಿನ ಗೂಡಿನಲ್ಲಿದೆ. ಸಂಜೆ ಆರು ಗಂಟೆಗೆ ಬಡಿಸಿ, ಅರ್ಧ ಗಂಟೆಯಲ್ಲಿ ತಟ್ಟೆಗಳನ್ನು ತೊಳೆದಿಡುತ್ತೇವೆ. ಎಂಜಲು ಉಳಿದರೆ ಇಲಿ ಬರುತ್ತದೆ, ಇರುವೆ ಬರುತ್ತದೆ. ಅವುಗಳ ಹಿಂದೆಯೇ ನೆರೆಯವರ ದೂರೂ ಬರುತ್ತದೆ. ನೀರಿನ ಬಟ್ಟಲು ಮಾತ್ರ ದಿನವಿಡೀ ಇರುತ್ತದೆ.

ತಾಯಿಬೆಕ್ಕು ಮರಿಯನ್ನು ಸಾಗಿಸುವುದನ್ನು ನಾನು ಸರಿಯಾಗಿ ನೋಡಿದ್ದು ಈ ಓಣಿಯಲ್ಲಿಯೇ. ಶ್ರೀವೈಷ್ಣವ ಮತದಲ್ಲಿ ಭಗವಂತನ ಕೃಪೆಯನ್ನು ವಿವರಿಸಲು ಎರಡು ನ್ಯಾಯಗಳನ್ನು ಹೇಳುತ್ತಾರೆ. ಕೋತಿಯ ಮರಿ ತಾಯಿಯನ್ನು ತಾನೇ ಅಪ್ಪಿ ಹಿಡಿಯಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ, ಮರಿ ಸುಮ್ಮನಿದ್ದರೆ ಸಾಕು. ತೆಂಗಲೆಯವರು ಒಪ್ಪಿದ್ದು ಈ ಎರಡನೆಯದನ್ನು, ಮಾರ್ಜಾಲ ನ್ಯಾಯವನ್ನು. ಕತ್ತಿನ ಸಡಿಲ ಚರ್ಮವನ್ನು ಹಲ್ಲು ನಾಟದಂತೆ ಹಿಡಿದು, ಏಳಡಿ ಗೋಡೆಯ ಮೇಲೆ ಮಳೆಯಲ್ಲಿ ನಡೆದುಹೋದ ಪಟ್ಟೆಬೆಕ್ಕನ್ನು ಕಂಡಾಗ, ಈ ಉಪಮೆಯನ್ನು ಮೊದಲು ಹೇಳಿದವರು ಹಿತ್ತಿಲಲ್ಲಿ ನಿಂತು ಬೆಕ್ಕನ್ನು ಚೆನ್ನಾಗಿ ಗಮನಿಸಿದ್ದರೆಂದು ನನಗೆ ಅನ್ನಿಸಿತು. ಮರಿ ಕಾಲು ಮುದುಡಿ, ಬಾಲ ಮಡಿಸಿ, ನಿಶ್ಚಿಂತೆಯಿಂದ ತೂಗುತ್ತಿತ್ತು.

ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತಿದೆ. ಈ ಸುತ್ತಾಟದ ನಡುವೆ ಒಂದೊಂದು ಮರಿ ಸ್ವಲ್ಪ ಹೊತ್ತು ಒಂಟಿಯಾಗಿರುವುದುಂಟು. ಶಾಲೆಯಿಂದ ಬರುವ ಮಕ್ಕಳು ಅದನ್ನು ಅನಾಥವೆಂದು ತಿಳಿದು ಎತ್ತಿ ತಂದುಬಿಡುತ್ತಾರೆ. ಹಾಗೆ ತಂದ ಹುಡುಗನೊಬ್ಬನನ್ನು ನಾನು ಮರಿಯಿದ್ದ ಜಾಗಕ್ಕೇ ಕರೆದುಕೊಂಡು ಹೋಗಿ, ಅದನ್ನು ಅಲ್ಲಿಯೇ ಬಿಡಿಸಿ, ದೂರದಲ್ಲಿ ಕೂರಿಸಿದೆ. "ಅಂಕಲ್, ಅದರ ಅಮ್ಮ ಬರಲ್ಲ" ಎಂದು ಅವನು ಮೂರು ಸಲ ಹೇಳಿದ. ನಾಲ್ಕನೆಯ ಸಲ ಹೇಳುವ ಮೊದಲೇ ಅಮ್ಮ ಬಂತು.

ಆದರೆ ಮಕ್ಕಳ ಕರುಣೆಯಿಂದ ಮರಿಗಳಿಗೆ ಒದಗುವ ಅಪಾಯಕ್ಕಿಂತ ದೊಡ್ಡ ಅಪಾಯ ಬೇರೆಯಿತ್ತು. ಯುಗಾದಿ ಕಳೆದು ಒಂದು ವಾರಕ್ಕೆ ಬೀದಿಯವರು ಐದಾರು ಜನ ಸೇರಿದರು. ರಾತ್ರಿಯ ಕೂಗಾಟ, ಹೂಪಾತಿಯ ಗಲೀಜು, ಮಹಡಿಯ ಮೇಲಿನ ಓಟ, ಎಲ್ಲವನ್ನೂ ಹೇಳಿದರು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೊನೆಗೆ ಒಬ್ಬರು, ಆಟೋದವನನ್ನು ಮಾತನಾಡಿಸಿದ್ದೇನೆ, ಎಲ್ಲವನ್ನೂ ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬರುತ್ತಾನೆ, ಎಂದರು. ಕೊಲ್ಲುವುದಿಲ್ಲವಲ್ಲ ಎಂಬ ಸಮಾಧಾನ ಎಲ್ಲರ ಮುಖದಲ್ಲಿಯೂ ಇತ್ತು. ಪಟ್ಟೆಬೆಕ್ಕು ಆಗ ಹಳೆಯ ಬಾಗಿಲಿನ ಹಿಂದೆ ನಾಲ್ಕು ಮರಿಗಳಿಗೆ ಹಾಲೂಡುತ್ತಿತ್ತು. ಅದನ್ನು ಚೀಲಕ್ಕೆ ಹಾಕಿದರೆ, ಕಣ್ಣೂ ತೆರೆಯದ ಮರಿಗಳು ಎರಡು ದಿನ ಬದುಕುವುದೂ ಕಷ್ಟ.

ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆದುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಆದರೆ ಆ ಕಾಯಿದೆ ಮೊದಲ ಅಪರಾಧಕ್ಕೆ ಗೊತ್ತುಮಾಡಿದ ದಂಡ 10 ರೂಪಾಯಿಯಿಂದ 50 ರೂಪಾಯಿ. ಅದನ್ನು ಹೇಳಿ ಯಾರನ್ನು ಹೆದರಿಸುವುದು? ಜೀವಿಗಳಲ್ಲಿ ದಯೆ ತೋರುವುದು ಪ್ರಜೆಯ ಕರ್ತವ್ಯವೆಂದು 1976ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿಸಿದ ಮಾತನ್ನೂ ನಾನು ಅಲ್ಲಿ ಎತ್ತಲಿಲ್ಲ. ನಾನು ಲೆಕ್ಕವನ್ನು ಹೇಳಿದೆ. ಬೆಕ್ಕಿನ ಗರ್ಭಾವಧಿ ಸುಮಾರು 63 ದಿನ. ಒಂದು ಸೂಲಿಗೆ ಸಾಮಾನ್ಯವಾಗಿ ನಾಲ್ಕು ಮರಿ. ಹುಟ್ಟಿದ ಹೆಣ್ಣುಮರಿ ಆರು ತಿಂಗಳಾಗುವುದರೊಳಗೇ ತಾನೂ ಗರ್ಭ ಧರಿಸಬಲ್ಲದು. ಓಣಿಯಲ್ಲಿ ಇಲಿಯೂ ನೆಳಲೂ ಇರುವವರೆಗೆ, ಇಂದು ಏಳನ್ನು ಸಾಗಿಸಿದರೆ ನಾಳೆ ಪಕ್ಕದ ಬೀದಿಯ ಬೆಕ್ಕುಗಳು ಆ ಜಾಗಕ್ಕೆ ಬರುತ್ತವೆ. ಇವುಗಳಿಗೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಇಲ್ಲಿಗೇ ತಂದು ಬಿಟ್ಟರೆ, ತಮ್ಮ ಜಾಗವನ್ನು ಇವೇ ಕಾಯುತ್ತವೆ. ಕೂಗಾಟವೂ ಬಹಳಮಟ್ಟಿಗೆ ತಗ್ಗುತ್ತದೆ.

ಮೂಲೆಮನೆಯ ನಿವೃತ್ತ ಮೇಷ್ಟರು ಅಷ್ಟು ಹೊತ್ತೂ ಮಾತನಾಡಿರಲಿಲ್ಲ. "ನನಗೆ ಬೆಕ್ಕಿನ ಮೇಲೆ ದ್ವೇಷವಿಲ್ಲ. ಆದರೆ ನನ್ನ ಗುಬ್ಬಿಗಳ ಗತಿಯೇನು, ಹೇಳಿ" ಎಂದರು. ಅವರು ಜಗುಲಿಯಲ್ಲಿ ಗುಬ್ಬಿಗೆಂದು ಮರದ ಪೆಟ್ಟಿಗೆ ಕಟ್ಟಿದ್ದರು. ಆ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿರಲಿಲ್ಲ, ಈಗಲೂ ಇಲ್ಲ. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ. ಸಂಖ್ಯೆ ಇಳಿದರೆ ಬೇಟೆಯೂ ಇಳಿದೀತು ಎಂದಷ್ಟೇ ಹೇಳಿದೆ. ಮೇಷ್ಟರು ಕನ್ನಡಕವನ್ನು ಒರೆಸಿಕೊಂಡು, "ಮೂರು ತಿಂಗಳು ನೋಡೋಣ" ಎಂದರು. ಆಟೋ ಬರಲಿಲ್ಲ.

ಖರ್ಚನ್ನು ನಾಲ್ಕು ಮನೆಗಳವರು ಹಂಚಿಕೊಂಡೆವು. ಬೀದಿಯ ಬೆಕ್ಕನ್ನು ಕೈಯಲ್ಲಿ ಹಿಡಿಯುವುದು ಸಾಹಸವಲ್ಲ, ಮೂರ್ಖತನ. ಕಚ್ಚಿದರೆ ಗಾಯವನ್ನು ಸಾಬೂನುನೀರಿನಲ್ಲಿ 15 ನಿಮಿಷ ತೊಳೆದು, ಹುಚ್ಚುರೋಗದ ಲಸಿಕೆಗೆ ವೈದ್ಯರಲ್ಲಿಗೆ ಓಡಬೇಕಾಗುತ್ತದೆ. ಆದ್ದರಿಂದ ತಂತಿಯ ಬೋನೊಂದನ್ನು ತಂದೆವು. ಒಳಗೆ ಒಣಮೀನು; ಅದರ ಮುಂದೆ ತಗಡಿನ ಹಲಗೆ. ಹಲಗೆಯನ್ನು ತುಳಿದರೆ ಬಾಗಿಲು ಬೀಳುತ್ತದೆ. ಬಾಗಿಲು ಬಿದ್ದೊಡನೆ ಬೋನಿನ ಮೇಲೆ ದಪ್ಪ ಬಟ್ಟೆ ಹೊದಿಸಬೇಕು. ಕತ್ತಲಾದರೆ ಬೆಕ್ಕು ಶಾಂತವಾಗುತ್ತದೆ. ಒಣಮೀನು ತಂದವರು ಎದುರುಮನೆಯವರು, ಬಟ್ಟೆ ಕೊಟ್ಟವರು ನಮ್ಮ ಅಮ್ಮ. ಅದು ಅವರ ಹಳೆಯ ಮಗ್ಗದ ಸೀರೆ.

ಗಂಡುಗಳು ಮರುದಿನವೇ ಹಿಂದಿರುಗಿದವು. ಹೆಣ್ಣುಗಳನ್ನು ಕೆಲವು ದಿನ ಆರೈಕೆಯಲ್ಲಿಟ್ಟುಕೊಂಡೆವು. ಪಟ್ಟೆಬೆಕ್ಕಿನ ಸರದಿ ಮಾತ್ರ ಮರಿಗಳು ತಾವೇ ತಿನ್ನುವಷ್ಟಾದ ಮೇಲೆ ಬಂತು. ಅರಿವಳಿಕೆಯಲ್ಲಿರುವಾಗಲೇ ಎಡಗಿವಿಯ ತುದಿಯನ್ನು ಕೊಂಚ ಕತ್ತರಿಸುತ್ತಾರೆ. ಅದೇ ಗುರುತು, ಆ ಬೆಕ್ಕನ್ನು ಮತ್ತೆ ಹಿಡಿಯಬೇಕಾಗಿಲ್ಲ. ನಾಲ್ಕು ಮರಿಗಳಲ್ಲಿ ಎರಡಕ್ಕೆ ಮನೆ ಸಿಕ್ಕಿತು. ಒಂದು ಮಳೆಗಾಲದಲ್ಲಿ ತೀರಿಕೊಂಡಿತು. ಉಳಿದದ್ದು ಮೇಷ್ಟರ ಮನೆಯ ಕಾಂಪೌಂಡಿನ ಮೇಲೆ ಮಲಗುತ್ತದೆ. ಅವರು ದಿನಕ್ಕೆ ಎರಡು ಸಲ ಅದನ್ನು ಗದರಿಸುತ್ತಾರೆ. ಗುಬ್ಬಿಯ ಪೆಟ್ಟಿಗೆಯನ್ನು ಬೆಕ್ಕು ಹಾರಲಾರದಷ್ಟು ಎತ್ತರಕ್ಕೆ ತಾವೇ ಏಣಿ ಹತ್ತಿ ಕಟ್ಟಿದ್ದಾರೆ.

ಏಳರಲ್ಲಿ ಆರರ ಕೆಲಸ ಮುಗಿದಿದೆ. ಉಳಿದದ್ದು ಮುದಿ ಕರಿಬೆಕ್ಕು. ಅದಕ್ಕೆ ಬೋನಿನ ಮರ್ಮ ಗೊತ್ತಾಗಿಬಿಟ್ಟಿದೆ. ಮೈ ನೀಳ ಮಾಡಿ, ಹಲಗೆಯನ್ನು ಮುಟ್ಟದಂತೆ ಕತ್ತು ಚಾಚಿ, ಮೀನನ್ನು ತೆಗೆದುಕೊಂಡು ಹಿಂದಕ್ಕೆ ನಡೆಯುತ್ತದೆ. ಐದು ಸಲ ಹೀಗಾಯಿತು. ಅದರ ಹೊಟ್ಟೆ ಮತ್ತೆ ದುಂಡಗಾಗುತ್ತಿದೆ ಎಂದು ಅಮ್ಮ ಹೇಳುತ್ತಾರೆ. ಬರುವ ಭಾನುವಾರ ಬೋನನ್ನು ತಮ್ಮ ಪಾರಿಜಾತದ ಗಿಡದ ಕೆಳಗೆ ಇಟ್ಟು ನೋಡೋಣವೆಂದು ಮೇಷ್ಟರೇ ಸೂಚಿಸಿದ್ದಾರೆ. ಒಣಮೀನಿನ ಏರ್ಪಾಡು ಮಾತ್ರ ನನ್ನದು.