ಪೊದರೆಂಬ ಹೊದಿಕೆ

ಕಡೂರಿನಲ್ಲಿ ರೈಲಿನಿಂದಿಳಿದು ಸಿಂಗಟಗೆರೆಯ ಕಡೆಗೆ ಹೊರಟಾಗ ನಮ್ಮ ಮನಸ್ಸಿನಲ್ಲಿದ್ದುದು ಮಲೆನಾಡಿನ ಚಿತ್ರ. ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ದಟ್ಟವಾದ ಅಡವಿಯನ್ನೂ ಕಾಫಿಯ ತೋಟವನ್ನೂ ನೆನೆಯದವರಾರು? ಆದರೆ ಇದು ಬಯಲುಸೀಮೆ. ಮುಂಗಾರಿನ ಮೋಡಗಳು ಬಾಬಾಬುಡನ್ ಗಿರಿಶ್ರೇಣಿಯಲ್ಲಿಯೇ ತಮ್ಮ ಭಾರವನ್ನಿಳಿಸಿ, ಹಗುರಾಗಿ ಈ ಕಡೆಗೆ ಬರುತ್ತವೆ. ಹೆಮ್ಮರಗಳಿಗೆ ಸಾಲದ ಆ ಮಳೆಯಲ್ಲಿ ಬೆಳೆಯುವುವು ಕಾರೆ, ಕವಳಿ, ಬಂದರಿಕೆ, ತಂಗಡಿಗಳ ಪೊದೆಗಳು.

ಇಳಿಹೊತ್ತು, ಗಾಳಿ ಬಲವಾಗಿ ಬೀಸುತ್ತಿತ್ತು. ಕುರಿ ಕಾಯುವ ಮುದುಕನೊಬ್ಬನು ಕಂಬಳಿಯನ್ನು ತಲೆಯ ಮೇಲಿಂದ ಹೊದೆದು ಪೊದೆಯೊಂದರ ಮರೆಯಲ್ಲಿ ಕುಳಿತಿದ್ದನು. ದೂರದಿಂದ ನೋಡಿದ ನಮಗೆ ಪೊದೆ ಯಾವುದು, ಹೊದಿಕೆ ಯಾವುದು ಎಂಬುದೇ ತಿಳಿಯಲಿಲ್ಲ. ಆಗ ಹೊಳೆಯಿತು: ಈ ಎರಡು ಮಾತುಗಳೂ ಒಡಹುಟ್ಟಿದವಲ್ಲವೆ!

ಹಳಗನ್ನಡದಲ್ಲಿ ಪೊದೆಗೆ ‘ಪೊದರ್’ ಎಂಬ ಹೆಸರುಂಟು. ‘ಪೊದೆ’ ಎಂಬುದನ್ನು ಕ್ರಿಯಾಪದವಾಗಿ ಬಳಸಿದರೆ ಮೈಮೇಲೆ ಮುಚ್ಚಿಕೊಳ್ಳು ಎಂದರ್ಥ. ಮುಂದೆ ಪಾಲ್ ಹಾಲಾದಂತೆ, ಪೂ ಹೂವಾದಂತೆ, ಪೊದೆಯುವುದು ಹೊದೆಯುವುದಾಯಿತು. ಗಿಡಗಳ ಪೊದೆ ಮಾತ್ರ ಇಂದಿಗೂ ಹಳೆಯ ಪಕಾರವನ್ನು ಬಿಡದೆ ನಿಂತಿದೆ. ನೆರೆಯ ತಮಿಳರು ಪೊದೆಯನ್ನು ‘ಪುದರ್’ ಎನ್ನುವರು. ‘ಪುದೈ’ ಎಂದರೆ ಅವರಲ್ಲಿ ಹೂಳು, ಮರೆಮಾಡು. ತೆಲುಗರಲ್ಲಿ ಪೊದೆಯೇ ‘ಪೊದ’. ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಪೊದರೆಂದರೆ ನೆಲವನ್ನು ಮುಚ್ಚಿ ಕಾಪಾಡುವ ಹೊದಿಕೆಯೆಂದೇ ನಮಗೆ ತೋರುತ್ತದೆ.

ಹೆಸರಿಗೆ ತಕ್ಕ ಕೆಲಸವನ್ನೇ ಅದು ಮಾಡುತ್ತದೆ. ಬೇರುಗಳಿಂದ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ; ಮಳೆಯ ನೀರು ಹರಿದೋಡದಂತೆ ತಡೆಯುತ್ತದೆ; ಮೊಲಕ್ಕೂ ಗೌಜಲಹಕ್ಕಿಗೂ ಮನೆಯಾಗುತ್ತದೆ. ಅದರ ಮುಳ್ಳಿನ ನಡುವೆ ಬಿದ್ದ ಬೀಜವು ಮೇಕೆಯ ಬಾಯಿಗೆ ಸಿಕ್ಕದೆ ಮೊಳೆತು ಮರವಾಗುವುದೂ ಉಂಟು. ಇದೇ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು ಸರ್ಕಾರವು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಹುಲ್ಲು ಕುರುಚಲುಗಳ ಬಯಲಿಗೂ ಬೆಲೆಯುಂಟೆಂಬುದಕ್ಕೆ ಅದೊಂದು ಸಾಕ್ಷಿ.

ಆದರೂ ಪೊದೆ ಬೆಳೆದ ನೆಲವನ್ನು ನಾವು ಬೀಳೆಂದು ಕರೆಯುತ್ತೇವೆ. ಕಡಿದು, ಸುಟ್ಟು, ಚೊಕ್ಕಟವಾಯಿತೆಂದು ಸಂತೋಷಪಡುತ್ತೇವೆ. ಮೊದಲ ಮಳೆಗೆ ಮೇಲ್ಮಣ್ಣು ಕೊಚ್ಚಿಹೋದಾಗ ಮಳೆಯನ್ನು ದೂರುತ್ತೇವೆ! ಚಳಿಯಲ್ಲಿ ಮಲಗಿದ ಮಗುವಿನ ಮೇಲಿನ ಹೊದಿಕೆಯನ್ನು ಯಾವ ತಾಯಿ ಕಿತ್ತೆಸೆದಾಳು? ಈ ರಾತ್ರಿ ಮಕ್ಕಳಿಗೆ ಹೊದಿಸುವಾಗ ವಾಚಕರು ಈ ಹಳೆಯ ಮಾತಿನ ಕಥೆಯನ್ನು ಹೇಳಲಿ. ಮಾತಿನ ಅರ್ಥವನ್ನು ಬಲ್ಲ ಮಗು ನಾಳೆ ಪೊದೆಗೆ ಕೊಡಲಿಯಿಡುವ ಮುನ್ನ ಒಂದು ಗಳಿಗೆ ಯೋಚಿಸೀತು.