ನೀರಿನ ಊರಲ್ಲಿ ನೀರು ಬೇಡವೆನ್ನುವ ಗಿಡ

ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಗೆ ನೀವು ಪ್ರಯಾಣಿಸಿದ್ದರೆ ಭೀಮರಾಯನಗುಡಿಯ ಹೆಸರು ಕೇಳಿರುತ್ತೀರಿ. ಸ್ಥಳೀಯರ ಬಾಯಲ್ಲಿ ಅದು 'ಬಿ.ಗುಡಿ'. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟವನ್ನು ನೋಡಲು ಬರುವವರು ಈ ಊರಿನಲ್ಲಿ ಇಳಿಯುವುದು ಕಡಿಮೆ. ಆದರೆ ಇದು ಒಂದು ದೊಡ್ಡ ಕನಸಿನ ಜೊತೆಗೆ ಬೆಳೆದ ಊರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಶಂಕುಸ್ಥಾಪನೆ ಮಾಡಿದ ಕೃಷ್ಣಾ ಮೇಲ್ದಂಡೆ ಯೋಜನೆಯ ಕನಸು ಅದು. ಇಂದು ಇಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮದ ಕಚೇರಿಯಿದೆ, ಕಾಡಾ ಕಚೇರಿಯಿದೆ, ನೌಕರರ ವಸತಿಗೃಹಗಳಿವೆ. ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಮಹಾವಿದ್ಯಾಲಯವೂ ಇದೆ.

ಕಾಲುವೆ ಬರುವ ಮೊದಲು ಈ ಸೀಮೆಯ ಜನ ಹೇಗೆ ಬದುಕುತ್ತಿದ್ದರು ಗೊತ್ತೇ? ಇಲ್ಲಿಯದು ಎರೆ ಭೂಮಿ. ಮಳೆಗಾಲದಲ್ಲಿ ಕುಡಿದ ನೀರನ್ನು ಅದು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿನ ಬಿಳಿಜೋಳ ಆ ತೇವವನ್ನೇ ನಂಬಿ, ಚಳಿಗಾಲದ ತಂಪಿನಲ್ಲಿ, ಮಳೆಯ ಹಂಗಿಲ್ಲದೆ ತೆನೆ ಕಟ್ಟುತ್ತದೆ. ಕೂಡಿಟ್ಟ ನೀರಿನಲ್ಲಿ ಬದುಕುವ ಈ ವಿದ್ಯೆಯನ್ನು ನೆನಪಿನಲ್ಲಿಡಿ. ನಾನು ಹೇಳಹೊರಟಿರುವ ಗಿಡದ ಗುಟ್ಟೂ ಅದೇ.

ಈ ವಸತಿಗೃಹಗಳಿಗೆ ವರ್ಗಾವಣೆಯಾಗಿ ಬರುವ ಕುಟುಂಬಗಳ ಸಾಮಾನಿನ ಜೊತೆಗೆ ಹೂಕುಂಡಗಳೂ ಬರುತ್ತವೆ. ನೀವು ಮಲೆನಾಡಿನಿಂದಲೋ ಕರಾವಳಿಯಿಂದಲೋ ಬಂದವರಾದರೆ, ಅವುಗಳ ನಡುವೆ ತೂಗುಬುಟ್ಟಿಯಲ್ಲಿ ಒಂದು ಆರ್ಕಿಡ್ ಇದ್ದೀತು. ಮಲೆನಾಡಿಗರು ಸೀತಾಳೆ ಎಂದು ಕರೆಯುವ ಹೂವಿನ ಬಳಗದ್ದು. ಅದರಲ್ಲಿ ಎಲೆ ಉದುರಿಸುವ ಡೆಂಡ್ರೋಬಿಯಂ ಜಾತಿಗಳಿವೆ. ಹಿಮಾಲಯದ ತಪ್ಪಲಿನ ಡೆಂಡ್ರೋಬಿಯಂ ನೋಬಿಲೆ ಒಂದು. ನಮ್ಮ ಪಶ್ಚಿಮ ಘಟ್ಟದಲ್ಲೂ ಕಾಣಸಿಗುವ ಡೆಂಡ್ರೋಬಿಯಂ ಅಫಿಲ್ಲಂ ಇನ್ನೊಂದು. ಅಫಿಲ್ಲಂ ಎಂಬ ಮಾತಿಗೆ ಎಲೆಯಿಲ್ಲದ್ದು ಎಂದೇ ಅರ್ಥ.

ನವೆಂಬರ್ ಬಂತೆಂದರೆ ಇಂತಹ ಗಿಡದ ಎಲೆಗಳು ಹಳದಿಯಾಗುತ್ತವೆ. ನೋಬಿಲೆ ಕೆಲವು ಎಲೆಗಳನ್ನು ಉಳಿಸಿಕೊಳ್ಳಬಹುದು. ಅಫಿಲ್ಲಂನಲ್ಲಿ ಮಾತ್ರ ಒಂದೊಂದಾಗಿ ಎಲ್ಲವೂ ಉದುರಿ, ಕೊನೆಗೆ ಬರೀ ಬೋಳು ಕಡ್ಡಿಗಳು ನೇತಾಡುತ್ತವೆ. ಪಕ್ಕದ ಮನೆಯವರು "ಆಪಾ, ಒಣಗಿದ ಗಿಡ ಯಾಕ ತೂಗ ಹಾಕೀರಿ, ಕಿತ್ತು ಒಗೀರಿ" ಎಂದಾರು. ನಿಮ್ಮ ಮನಸ್ಸಿಗೂ ಕಳವಳವಾದೀತು. ಕೈ ತಾನಾಗಿಯೇ ನೀರಿನ ತಂಬಿಗೆಯತ್ತ ಹೋಗುತ್ತದೆ. ಗೊಬ್ಬರವನ್ನೂ ಒಂದು ಚಿಟಿಕೆ ಹೆಚ್ಚು ಹಾಕೋಣ ಅನಿಸುತ್ತದೆ. ಅಲ್ಲೇ ಅಪಾಯವಿರುವುದು. ಗಿಡ ಸತ್ತಿಲ್ಲ, ಮಲಗಿದೆ.

ಈ ಗಿಡಗಳ ತವರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರಾಕಾರ ಮಳೆ. ಅನಂತರ ತಿಂಗಳುಗಟ್ಟಲೆ ಒಣ ಹವೆ. ಮರದ ತೊಗಟೆಗೆ ಅಂಟಿಕೊಂಡು ಬೆಳೆಯುವ ಅವುಗಳಿಗೆ ಮಣ್ಣಿನ ಆಸರೆಯಿಲ್ಲ. ಆದ್ದರಿಂದ ದಪ್ಪ ಕಾಂಡಗಳಲ್ಲೇ ನೀರನ್ನೂ ಆಹಾರವನ್ನೂ ಕೂಡಿಟ್ಟುಕೊಳ್ಳುತ್ತವೆ. ನೀರನ್ನು ಆವಿಯಾಗಿ ಕಳೆಯುವ ಎಲೆಗಳನ್ನು ಉದುರಿಸಿ ಖರ್ಚು ತಗ್ಗಿಸುತ್ತವೆ. ಎರೆ ಭೂಮಿ ಜೋಳಕ್ಕೆ ಮಾಡುವ ಉಪಕಾರವನ್ನು ಇಲ್ಲಿ ಕಾಂಡ ಹೂವಿಗೆ ಮಾಡುತ್ತದೆ. ಮಲಗಿದ ಗಿಡದ ಬೇರು ಹೆಚ್ಚು ನೀರು ಹೀರುವುದಿಲ್ಲ. ನೀವು ಹಾಕಿದ ನೀರು ಬುಟ್ಟಿಯಲ್ಲೇ ನಿಂತು ಬೇರನ್ನು ಕೊಳೆಸುತ್ತದೆ. ಬೇರು ಉಳಿದರೂ ಹೂ ಬರಬೇಕಾದ ಗೆಣ್ಣುಗಳಲ್ಲಿ ಮರಿಗಿಡಗಳು ಹುಟ್ಟಿ, ಆ ವರ್ಷದ ಹೂವು ಕೈತಪ್ಪಬಹುದು.

ಹಾಗಾದರೆ ಏನು ಮಾಡಬೇಕು? ಮೊದಲು ನಿಮ್ಮ ಗಿಡ ಯಾವುದೆಂದು ಖಚಿತಪಡಿಸಿಕೊಳ್ಳಿ. ನರ್ಸರಿಗಳಲ್ಲಿ ಡೆಂಡ್ರೋಬಿಯಂ ಎಂದು ಹೆಚ್ಚಾಗಿ ಸಿಗುವುದು ಸದಾ ಹಸಿರಾಗಿರುವ ಮಿಶ್ರತಳಿ. ಅದರ ಹೂಗೊಂಚಲು ಕಾಂಡದ ತುದಿಯಿಂದ ಉದ್ದವಾಗಿ ಹೊರಡುತ್ತದೆ. ಅದಕ್ಕೆ ಚಳಿಗಾಲದಲ್ಲಿ ನೀರು ಕಡಿಮೆ ಮಾಡಿದರೆ ಸಾಕು, ಪೂರ್ತಿ ನಿಲ್ಲಿಸಬಾರದು. ಕಾಂಡದ ಉದ್ದಕ್ಕೂ ಗೆಣ್ಣುಗೆಣ್ಣಿನಲ್ಲಿ ಹೂ ಬಿಡುವ ಗಿಡವಾದರೆ ಮುಂದಿನ ಮಾತು ಅದಕ್ಕೆ.

ಅಕ್ಟೋಬರ್ ಹೊತ್ತಿಗೆ ಗೊಬ್ಬರ ನಿಲ್ಲಿಸಿ. ಎಲೆ ಹಳದಿಯಾಗತೊಡಗಿದಾಗ ನೀರನ್ನು ಹಂತಹಂತವಾಗಿ ಇಳಿಸಿ. ಎಲೆ ಉದುರಿದ ಮೇಲೆ ಬುಟ್ಟಿ ಒಣಗಿಯೇ ಇರಲಿ. ಕಾಂಡ ತುಸು ಸುಕ್ಕಾದರೆ ಹೆದರಬೇಡಿ. ತೀರಾ ಸೊರಗಿ ಸುರುಟಿಕೊಂಡರೆ ಮಾತ್ರ ಬೆಳಗಿನ ಹೊತ್ತು ಲಘುವಾಗಿ ನೀರು ಸಿಂಪಡಿಸಿ. ಸಂಜೆಯೊಳಗೆ ಅದು ಆರಬೇಕು. ಗಿಡ ಮಲಗಿದೆಯೆಂದು ಕತ್ತಲ ಮೂಲೆಗೆ ಸರಿಸಬೇಡಿ. ಬೆಳಗಿನ ಎಳೆಬಿಸಿಲು ಬೀಳುವ ಜಾಗದಲ್ಲಿ ತೂಗುಹಾಕಿ. ಡಿಸೆಂಬರ್-ಜನವರಿಯ ರಾತ್ರಿಯ ತಂಪು ಮೊಗ್ಗು ಕಟ್ಟಲು ನೆರವಾಗುತ್ತದೆ. ಅಕಾಲದ ಮಳೆ ಬಂದರೆ ಮಾತ್ರ ವರಾಂಡದೊಳಗೆ ತನ್ನಿ.

ಇನ್ನೊಂದು ಮುಖ್ಯ ಮಾತು: ಬೋಳು ಕಡ್ಡಿಗಳನ್ನು ಕತ್ತರಿಸಬೇಡಿ. ಹೂ ಬಿಡುವುದು ಅವುಗಳ ಮೇಲೆಯೇ. ಹೂ ಮುಗಿದ ಹಳೆಯ ಕಾಂಡಗಳೂ ಹೊಸ ಚಿಗುರಿಗೆ ಆಹಾರ ಉಣಿಸುತ್ತವೆ. ಪೂರ್ತಿ ಒಣಗಿ ಟೊಳ್ಳಾದ ಮೇಲೆ ತೆಗೆದರಾಯಿತು.

ಫೆಬ್ರವರಿಯ ನಂತರ ಗೆಣ್ಣುಗಳು ಉಬ್ಬಿ ಮೊಗ್ಗು ಕಾಣಿಸಬಹುದು. ಆಗಲೂ ಅವಸರ ಬೇಡ. ಬುಡದಲ್ಲಿ ಹೊಸ ಚಿಗುರು ಮೂಡಿ, ಅದರ ಬೇರು ಎರಡು ಮೂರು ಅಂಗುಲ ಬೆಳೆದ ಮೇಲೆ ಚೆನ್ನಾಗಿ ನೀರು ಕೊಡಲು ಶುರುಮಾಡಿ, ಗೊಬ್ಬರವನ್ನೂ ಕೊಡಿ. ಭೀಮರಾಯನಗುಡಿಯಲ್ಲಿ ಇದು ಬೇಸಿಗೆ ಕಾಲಿಡುವ ಹೊತ್ತು. 40 ಡಿಗ್ರಿ ದಾಟುವ ಬಿಸಿಲಿಗೆ ಎಳೆ ಚಿಗುರು ಬಾಡದಂತೆ ಬೇವಿನ ಮರದ ನೆರಳಿಗೆ ಬುಟ್ಟಿಯನ್ನು ಸರಿಸಿ, ಹತ್ತಿರದಲ್ಲಿ ಒದ್ದೆ ಗೋಣಿತಟ್ಟು ಕಟ್ಟಿ. ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಮಳೆನೀರನ್ನು ಹಿಡಿದಿಟ್ಟು ಬಳಸಿ. ಬುಟ್ಟಿಗೆ ಮಣ್ಣು ತುಂಬಬೇಡಿ. ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆ ಸಾಕು. ಹೊಸ ಗಿಡ ಬೇಕಿದ್ದರೆ ನರ್ಸರಿಯಿಂದ ಕೊಳ್ಳಿ, ಕಾಡಿನ ಮರದಿಂದ ಕಿತ್ತು ತರಬೇಡಿ.

ಒಂದು ಹೂಗಿಡಕ್ಕಾಗಿ ಇಷ್ಟೆಲ್ಲ ಏಕೆ ಎನ್ನುತ್ತೀರಾ? ಊರಿನ ಹೊರಗೆ ಒಮ್ಮೆ ಕಣ್ಣು ಹಾಯಿಸಿ. ನಾರಾಯಣಪುರದ ಬಸವಸಾಗರದಿಂದ ಹೊರಡುವ ಎಡದಂಡೆ ಕಾಲುವೆ ಈ ಸೀಮೆಯ ಬದುಕನ್ನೇ ಬದಲಾಯಿಸಿತು. ಆದರೆ ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಿದ ಈ ಅಚ್ಚುಕಟ್ಟಿನಲ್ಲಿ ಭತ್ತ ಹಬ್ಬಿತು. ಸದಾ ನೀರು ನಿಂತ ಕಡೆಗಳಲ್ಲಿ ಎರೆ ಭೂಮಿ ಸವಳು-ಜವಳಾಯಿತು. ಕಾಲುವೆಯ ತುದಿಯ ರೈತನಿಗೆ ನೀರು ಮುಟ್ಟದೇ ಹೋಯಿತು. ಕಾಲುವೆಗೆ ಕೆಲವು ದಿನ ಚಾಲು, ಕೆಲವು ದಿನ ಬಂದ್ ಎಂಬ ವಾರಾಬಂದಿಯ ಕ್ರಮ ಜಾರಿಗೆ ಬಂದದ್ದು ಇರುವ ನೀರು ಎಲ್ಲರಿಗೂ ದಕ್ಕಲೆಂದು. ಆದರೂ 'ಬಂದ್' ಎಂಬ ಮಾತು ರೈತನಿಗೆ ಸಂಕಟದ ಮಾತೇ. ತಲೆಮಾರುಗಳ ಕಾಲ ನೀರಿಗಾಗಿ ಮುಗಿಲು ನೋಡಿದ ಜನರಿಗೆ, ಮನೆ ಮುಂದೆ ಹರಿಯುವ ನೀರನ್ನು ಸಾಕು ಎನ್ನುವುದು ಸುಲಭವಲ್ಲ.

ನೀರು ಕೊಡುವುದು ಪ್ರೀತಿ. ಬೇಡವಾದಾಗ ಕೊಡದೆ ಕಾಯುವುದೂ ಪ್ರೀತಿಯೇ. ಈ ಚಳಿಗಾಲದಲ್ಲಿ ನಿಮ್ಮ ಅಂಗಳದ ಗಿಡ ಬೋಳಾಗಿ ನಿಂತರೆ ದಿನವೂ ಒಮ್ಮೆ ಹತ್ತಿರ ಹೋಗಿ ನೋಡಿ, ಕಾಂಡ ಮುಟ್ಟಿ ನೋಡಿ, ಸುಮ್ಮನೆ ಬನ್ನಿ. ಮಕ್ಕಳಿಗೂ ತೋರಿಸಿ. ಬರಿಯ ಕಡ್ಡಿಯ ತುಂಬ ತಿಳಿಗುಲಾಬಿ ಹೂಗಳು ಅರಳುವ ದಿನ, ಕಿತ್ತು ಒಗೆಯಿರಿ ಎಂದ ಪಕ್ಕದ ಮನೆಯವರನ್ನೂ ಕರೆದು ಚಹಾ ಕೊಡಿ.