ರೈಲು ಹೋದ ಮೇಲೆ ವುಡ್‌ಹೆಡ್

ಮ್ಯಾಂಚೆಸ್ಟರ್ ನಗರದಿಂದ ಪೂರ್ವಕ್ಕೆ ಹೊರಟ ಪ್ರವಾಸಿಗನು ಲಾಂಗ್‌ಡೆಂಡೇಲ್ ಕಣಿವೆಯನ್ನು ಹೊಕ್ಕನೆಂದರೆ ಎಡಕ್ಕೆ ಸಾಲುಗೊಂಡ ಜಲಾಶಯಗಳು, ಬಲಕ್ಕೆ ಬೋಳುಗುಡ್ಡಗಳು. ಬೆಟ್ಟಸೀಮೆಯ ಕಾಲುದಾರಿಗೆ ಒಪ್ಪದಷ್ಟು ನೇರ, ನುಣುಪು ಈ ಹಾದಿ. ಒಂದು ಕಾಲಕ್ಕೆ ಇದು ರೈಲುಮಾರ್ಗ. ಹಳಿಗಳನ್ನು ಕಿತ್ತ ಮೇಲೆ ನಡೆಯುವವರ ಪಾಲಾಯಿತು. ಮುಂದೆ ವುಡ್‌ಹೆಡ್ ಸುರಂಗದ ಮುಚ್ಚಿದ ಬಾಯಿ.

ಸುಮಾರು 5 ಕಿಲೋಮೀಟರ್ ಉದ್ದದ ಈ ಸುರಂಗ ತೆರೆದದ್ದು 1954ರಲ್ಲಿ. ಷೆಫೀಲ್ಡಿನವರೆಗಿನ ಮಾರ್ಗಕ್ಕೆ 1500 ವೋಲ್ಟ್ ನೇರ ವಿದ್ಯುತ್ತು. 1925ರಲ್ಲಿ ಮುಂಬಯಿಯ ಮೊದಲ ವಿದ್ಯುತ್ ರೈಲನ್ನು ಓಡಿಸಿದ್ದೂ ಅಷ್ಟೇ ವೋಲ್ಟಿನದು. ಆದರೆ ಇಲ್ಲಿ ಪ್ರಯಾಣಿಕರ ರೈಲು 1970ರಲ್ಲಿ ನಿಂತಿತು, ಸರಕಿನದು 1981ರ ಜುಲೈಯಲ್ಲಿ. ‘ಇಎಂ-1’ ಎಂಬ 58 ಎಂಜಿನ್‌ಗಳಲ್ಲಿ ಇಡಿಯಾಗಿ ಉಳಿದದ್ದು ಒಂದೇ ಒಂದು. ಅದೂ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದ ಸ್ವತ್ತು.

ಓಡುವುದನ್ನು ನೋಡಬೇಕೆಂದರೆ ಹವ್ಯಾಸಿಗಳ ಮನೆಗೇ ಹೋಗಬೇಕು. ಅಲ್ಲಿ ಊಟದ ಮೇಜಿನ ಮೇಲೆ ಪೆಟ್ಟಿಗೆಯೊಂದು ಬಿಚ್ಚಿಕೊಳ್ಳುತ್ತದೆ: ಕೊರೆದ ಹಿತ್ತಾಳೆ ತಗಡು, ಮೆತ್ತನೆಯ ಬಿಳಿಲೋಹದ ಎರಕಗಳು, ಚಕ್ರಗಳು. 76ರಲ್ಲಿ ಒಂದು ಪಾಲಿನ ಅಳತೆ. 15 ಮೀಟರಿನ ಎಂಜಿನು 20 ಸೆಂಟಿಮೀಟರಿಗೆ ಇಳಿಯಬೇಕು. ಬಿಸಿ ತುಸು ಹೆಚ್ಚಿದರೆ ಎರಕವೇ ಕರಗಿಹೋದೀತು! ಅದಕ್ಕಾಗಿ 70 ಡಿಗ್ರಿಯಲ್ಲಿ ಕರಗುವ ಬೆಸುಗೆಯನ್ನು ಬಳಸುತ್ತಾರೆ. ಮೂಲೆ ಸೊಟ್ಟಗಾಯಿತೆ? ಕುದಿಯುವ ನೀರಿಗೆ ಹಾಕಿದರೆ ಕೂಡಿದ್ದೆಲ್ಲ ಬಿಚ್ಚಿಕೊಳ್ಳುತ್ತದೆ, ಮರಳಿ ಮೊದಲಿನಿಂದ. ಅಡುಗೆಮನೆಯ ಪಾತ್ರೆ ಹೀಗೆ ಮಾಯವಾದಾಗ ಗೃಹಿಣಿ ಏನೆನ್ನುವಳೋ!

ಕಷ್ಟವಿರುವುದು ಮೋಟಾರು ಕೂಡಿಸುವಲ್ಲಿ. ನಿಜವಾದ ಎಂಜಿನಿಗೆ ಅಚ್ಚಿಗೊಂದರಂತೆ ನಾಲ್ಕು ಮೋಟಾರು. ಕಿರಿಯದಕ್ಕೆ ಬಹುಮಟ್ಟಿಗೆ ಒಂದೇ, 12 ವೋಲ್ಟಿನದು. ಅದರ ದಂಡದ ತುದಿಯ ತಿರುಪು, ಅಚ್ಚಿನ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಹಲ್ಲುಗಳು ಬಿಗಿಯಾದರೆ ಮೋಟಾರು ಗೊಣಗಿ ಬಿಸಿಯಾಗುತ್ತದೆ, ಸಡಿಲಾದರೆ ಜಾರುತ್ತದೆ. ನಡುವೆ ಕೂದಲೆಳೆಯಷ್ಟು ಜಾಗವನ್ನು ಹುಡುಕುವುದರಲ್ಲೇ ಸಂಜೆಗಳು ಕಳೆಯುತ್ತವೆ. ಮೇಲಿನ ತಂತಿ ಹೆಚ್ಚಾಗಿ ಬರಿಯ ಅಲಂಕಾರ. ವಿದ್ಯುತ್ತು ಬರುವುದು ಹಳಿಗಳಿಂದ.

ಒಂದು ಗುಣ ಮಾತ್ರ ಈ ಮರಿಗೆ ಬಾರದು. ಕಲ್ಲಿದ್ದಲು ಹೊತ್ತು ಇಳಿಜಾರಿನಲ್ಲಿ ಇಳಿಯುವಾಗ ವುಡ್‌ಹೆಡ್ಡಿನ ಎಂಜಿನ್ನುಗಳ ಚಕ್ರಗಳೇ ಮೋಟಾರನ್ನು ತಿರುಗಿಸುತ್ತಿದ್ದವು. ಹಾಗೆ ಹುಟ್ಟಿದ ವಿದ್ಯುತ್ತು ತಂತಿಗೆ ಮರಳಿ, ಏರು ಹತ್ತುವ ಮತ್ತೊಂದು ರೈಲಿಗೆ ಒದಗುತ್ತಿತ್ತು. ಮೇಜಿನ ಮೇಲಿನ ಎಂಜಿನನ್ನು ಬೆರಳಿನಿಂದ ನೂಕಿದರೆ ಚಕ್ರವೇ ತಿರುಗದು. ತಿರುಪು ತಡೆದು ನಿಲ್ಲಿಸುತ್ತದೆ.

ಸುರಂಗವಂತೂ ಬರಿದಾಗಿಲ್ಲ. ಅದರೊಳಗೆ ಈಗ ನಾಡಿನ ವಿದ್ಯುಜ್ಜಾಲದ ದಪ್ಪ ಕೇಬಲುಗಳು ಮಲಗಿವೆ. ರೈಲಿಲ್ಲದಿದ್ದರೂ ವಿದ್ಯುತ್ತು ಅದೇ ಬೆಟ್ಟವನ್ನು ಹಾದುಹೋಗುತ್ತಿದೆ.